‘ಮೆಡ್ಯೂಸಾದ ತೆಪ್ಪ’ವನ್ನು ನಕಲು ಮಾಡುತ್ತ ತೈಲವರ್ಣ ಕಲಿಯುವ ಕ್ರಮ

ತೈಲವರ್ಣವನ್ನು ಮನೆಯಲ್ಲೇ ಅಭ್ಯಾಸ ಮಾಡುವವರಲ್ಲಿ ಹಲವರು ಹಣ್ಣು, ಹೂಜಿ, ಒಂಟಿ ಭಾವಚಿತ್ರಗಳ ಮಟ್ಟಿಗೆ ಕೈ ಕುದುರಿಸಿಕೊಂಡು ಅಲ್ಲಿಗೇ ನಿಂತುಬಿಡುತ್ತಾರೆ. ಹತ್ತಿಪ್ಪತ್ತು ಜನರಿರುವ ದೃಶ್ಯವೊಂದನ್ನು ಬರೆಯಲು ಹೊರಟಾಗ, ಒಂದೊಂದು ಆಕೃತಿಯೂ ಬಿಡಿಯಾಗಿ ಸರಿಯಾಗಿದ್ದರೂ ಚಿತ್ರ ಒಟ್ಟಾಗಿ ನಿಲ್ಲುವುದಿಲ್ಲ. ಕಣ್ಣು ಎಲ್ಲಿಂದ ಒಳಗೆ ಹೋಗಬೇಕು, ಎಲ್ಲಿ ತಂಗಬೇಕು ಎಂಬುದೇ ತಿಳಿಯದೆ ಅಲೆಯುತ್ತದೆ. ಈ ತೊಡಕನ್ನು ಬಿಡಿಸಿಕೊಳ್ಳಲು ಯುರೋಪಿನ ಚಿತ್ರಕಾರರು ಅನುಸರಿಸಿದ ಹಳೆಯ ದಾರಿ ಎಂದರೆ, ಅದನ್ನು ಗೆದ್ದ ಒಂದು ಕೃತಿಯನ್ನು ಆಯ್ದು ಮೊದಲಿನಿಂದ ಕೊನೆಯವರೆಗೆ ನಕಲು ಮಾಡುವುದು. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯವು 1793ರಲ್ಲಿ ತೆರೆದಾಗಿನಿಂದಲೂ ನಕಲು ಮಾಡುವ ಕಲಾವಿದರಿಗೆ ಅಲ್ಲಿ ಜಾಗವಿದೆ, ಮತ್ತು ಈ ಲೇಖನದಲ್ಲಿ ನಾವು ನಕಲು ಮಾಡಹೊರಟಿರುವ ಚಿತ್ರದ ಕರ್ತೃ ತೆಯೊದೊರ್ ಜೆರಿಕೋ (1791–1824) ಕೂಡ ಅಲ್ಲಿಯೇ ಟಿಷಿಯನ್, ರೂಬೆನ್ಸ್ ಮೊದಲಾದವರ ಕೃತಿಗಳನ್ನು ನಕಲು ಮಾಡುತ್ತ ಬೆಳೆದವನು.

ನಾನು ಸೂಚಿಸುವ ಕೃತಿ, ಭಾವದ ತೀವ್ರತೆಗೆ ಒತ್ತು ಕೊಟ್ಟ ರೊಮ್ಯಾಂಟಿಕ್ ಪಂಥದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಾದ ‘ಮೆಡ್ಯೂಸಾದ ತೆಪ್ಪ’. 1816ರ ಜುಲೈ 2ರಂದು ಫ್ರೆಂಚ್ ಯುದ್ಧನೌಕೆ ಮೆಡ್ಯೂಸಾ ಆಫ್ರಿಕಾದ ಪಶ್ಚಿಮ ತೀರದ ಬಳಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ದೋಣಿಗಳು ಸಾಲದೆ ಹೋದಾಗ ಸುಮಾರು 147 ಜನರನ್ನು ತರಾತುರಿಯಲ್ಲಿ ಕಟ್ಟಿದ ತೆಪ್ಪವೊಂದಕ್ಕೆ ಹತ್ತಿಸಿ, ಕೊನೆಗೆ ಅದನ್ನು ಎಳೆಯುತ್ತಿದ್ದ ಹಗ್ಗವನ್ನೂ ಬಿಟ್ಟುಬಿಡಲಾಯಿತು. ಹದಿಮೂರು ದಿನಗಳ ಬಳಿಕ ಆರ್ಗಸ್ ಎಂಬ ಹಡಗಿನ ಕಣ್ಣಿಗೆ ಬಿದ್ದಾಗ ಉಳಿದಿದ್ದವರು ಹದಿನೈದು ಮಂದಿ. ದಂಗೆ, ನರಭಕ್ಷಣೆ ಮೊದಲಾದ ಪ್ರಸಂಗಗಳನ್ನೂ ಕರಡಿನಲ್ಲಿ ಪರೀಕ್ಷಿಸಿದ ಜೆರಿಕೋ, ಅಂತಿಮವಾಗಿ ಆರ್ಗಸ್ ದೂರದಲ್ಲಿ ಕಾಣಿಸಿಕೊಂಡ ಕ್ಷಣವನ್ನು ಆರಿಸಿಕೊಂಡ. ಈ ಆಯ್ಕೆಯೇ ಕಲಿಯುವವರಿಗೆ ಈ ಚಿತ್ರವನ್ನು ಅನುಕೂಲಕರವಾಗಿಸಿದೆ, ಏಕೆಂದರೆ ಇಲ್ಲಿ ಪ್ರತಿಯೊಂದು ದೇಹವೂ ಒಂದೇ ಘಟನೆಗೆ ತನ್ನ ತನ್ನ ದೂರದಿಂದ ಪ್ರತಿಕ್ರಿಯಿಸುತ್ತಿದೆ, ಹಾಗಾಗಿ ಯಾವ ಕೈ ಏಕೆ ಆ ದಿಕ್ಕಿಗೆ ಚಾಚಿದೆ ಎಂಬುದು ಊಹೆಗೆ ಬಿಟ್ಟ ವಿಷಯವಲ್ಲ.

ಕುಂಚ ಹಿಡಿಯುವ ಮೊದಲು

ಒಂದೆರಡು ದಿನ ಚಿತ್ರವನ್ನು ನೋಡುವುದಕ್ಕೇ ಮೀಸಲಿಡಬೇಕು. ಸಂಯೋಜನೆಯಲ್ಲಿ ಎರಡು ತ್ರಿಕೋನಗಳಿವೆ: ಎಡಭಾಗದಲ್ಲಿ ಹಾಯಿ ಹೊತ್ತ ಕೂವೆಮರ ಮತ್ತು ಅದನ್ನು ಬಿಗಿದ ಹಗ್ಗಗಳದ್ದು ಒಂದು, ಬಲಭಾಗದಲ್ಲಿ ಒಬ್ಬರ ಮೇಲೊಬ್ಬರು ಏರುತ್ತ ಬಟ್ಟೆ ಬೀಸುವ ಮನುಷ್ಯನವರೆಗೆ ಹೋಗುವ ದೇಹಗಳದ್ದು ಇನ್ನೊಂದು. ಗಾಳಿ ಹಾಯಿಯನ್ನು ಆರ್ಗಸ್ ಇರುವ ದಿಕ್ಕಿಗೆ ವಿರುದ್ಧವಾಗಿ ತಳ್ಳುತ್ತಿದೆ, ಆದ್ದರಿಂದ ಜನರ ಆಸೆ ಒಂದು ಕಡೆಗೂ ತೆಪ್ಪ ಇನ್ನೊಂದು ಕಡೆಗೂ ಸಾಗುತ್ತಿದೆ. ಕೆಳಗೆ ಎಡಕ್ಕೆ, ಸತ್ತ ಮಗನ ದೇಹವನ್ನು ಹಿಡಿದು ಕುಳಿತ ಮುದುಕನೊಬ್ಬ ಮಾತ್ರ ಹಡಗಿಗೆ ಬೆನ್ನು ಹಾಕಿದ್ದಾನೆ.

ಇದೆಲ್ಲ ಕಥೆಯ ಮಾತಾಯಿತು. ಚಿತ್ರಕಾರನು ಇದಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಸಂಗತಿ ನೆರಳು ಬೆಳಕಿನ ಅದಲುಬದಲು. ಕೆಳಗಿನ ದೇಹಗಳು ಬೆಳ್ಳಗಿದ್ದು ಕಪ್ಪು ಹಲಗೆಗಳ ಮೇಲೆ ಎದ್ದು ಕಾಣುತ್ತವೆ, ಮೇಲಿನ ದೇಹಗಳು ಕಪ್ಪಾಗಿದ್ದು ಬೆಳಗಿದ ಆಕಾಶದ ಎದುರು ಎದ್ದು ಕಾಣುತ್ತವೆ. ನಡುವೆ ಎಲ್ಲೋ ಒಂದು ಕಡೆ ಈ ಸಂಬಂಧ ತಿರುಗುಮುರುಗಾಗುತ್ತದೆ, ಮತ್ತು ಆ ತಿರುವಿನ ಜಾಗದಲ್ಲಿರುವ ಬೆನ್ನು, ತೋಳುಗಳಲ್ಲಿ ಅಂಚುಗಳು ಹಿನ್ನೆಲೆಯೊಳಗೆ ಕರಗಿಹೋಗಿವೆ. ಇಪ್ಪತ್ತು ಜನರ ಗುಂಪು ಗೊಂದಲವಾಗದೆ ಇರುವುದಕ್ಕೆ ಮುಖ್ಯ ಕಾರಣ ಇದೇ. ಅಂಗರಚನೆಯಲ್ಲಿ ಎಷ್ಟೇ ಪಳಗಿದವರಾದರೂ ಈ ಒಂದು ವಿಷಯವನ್ನು ಬಿಟ್ಟರೆ ಅವರ ನಕಲಿನಲ್ಲಿ ಗುಂಪು ಗುಂಪಾಗಿ ಕಾಣದು. ಇದೊಂದನ್ನು ಹಿಡಿದವರ ನಕಲು, ಕೈಬೆರಳುಗಳು ವಕ್ರವಾಗಿದ್ದರೂ, ಹತ್ತು ಅಡಿ ದೂರದಿಂದ ಮೂಲವನ್ನು ನೆನಪಿಸುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಅಂಗೈ ಅಗಲದ ಕಾಗದದ ಮೇಲೆ ಇದ್ದಿಲಿನಿಂದ ಮೂರೇ ಛಾಯೆಗಳಲ್ಲಿ, ಅಂದರೆ ಕಪ್ಪು, ನಡುಬೂದು ಮತ್ತು ಕಾಗದದ ಬಿಳುಪು ಇಷ್ಟರಲ್ಲೇ, ಇಡೀ ಚಿತ್ರವನ್ನು ಬರೆಯಿರಿ. ಮುಖ, ಬೆರಳು, ಸ್ನಾಯು ಯಾವುದೂ ಬೇಡ. ಮೊಬೈಲಿನಲ್ಲಿ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ, ಕಣ್ಣನ್ನು ಅರೆಮುಚ್ಚಿ ನೋಡಿದರೆ ಮೂರು ಛಾಯೆಗಳು ತಾವಾಗಿ ಬೇರೆಯಾಗುತ್ತವೆ. ಇಂಥ ಐದಾರು ಚಿಕ್ಕ ಕರಡುಗಳು ಬೇಕಾಗಬಹುದು, ಮತ್ತು ಈ ಹಂತವನ್ನು ಹಾರಿಸಿದವರು ಮುಂದೆ ಬಣ್ಣದಲ್ಲಿ ಅದೇ ಕೆಲಸವನ್ನು ಹೆಚ್ಚು ಖರ್ಚಿನಲ್ಲಿ ಮಾಡಬೇಕಾಗುತ್ತದೆ.

ಅಳತೆ, ಕ್ಯಾನ್ವಾಸ್ ಮತ್ತು ಪ್ರತಿಕೃತಿಯ ಆಯ್ಕೆ

ಮೂಲ ಚಿತ್ರ 491 ಸೆಂಟಿಮೀಟರ್ ಎತ್ತರ, 716 ಸೆಂಟಿಮೀಟರ್ ಅಗಲವಿದೆ. ಮುಂಭಾಗದ ಆಕೃತಿಗಳು ನಿಜ ಮನುಷ್ಯನಿಗಿಂತ ದೊಡ್ಡವು. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 24 ಇಂಚು × 36 ಇಂಚಿನ ಕ್ಯಾನ್ವಾಸಿನ ಅನುಪಾತ ಇದಕ್ಕೆ ಸರಿಹೊಂದದು, ಆದರೆ ಉದ್ದದ ಬದಿಯಲ್ಲಿ ಒಂದು ಇಂಚನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿ 24 × 35 ಮಾಡಿಕೊಂಡರೆ ಉದ್ದಗಲಗಳಲ್ಲಿ ಮೂಲದ ಸುಮಾರು ಎಂಟನೆಯ ಒಂದು ಭಾಗದಷ್ಟು, ಬಹುತೇಕ ಅದೇ ಅನುಪಾತದ ಜಾಗ ಸಿಗುತ್ತದೆ. ಈ ಅಳತೆಯಲ್ಲಿ ಮುಂಭಾಗದ ಒಂದು ತಲೆ ಮೂರು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುವುದರಿಂದ ಕಣ್ಣು ಮೂಗುಗಳನ್ನು ಎರಡು ಮೂರು ಕುಂಚದೇಟಿನಲ್ಲೇ ಹೇಳಬೇಕಾಗುತ್ತದೆ, ಮತ್ತು ಅದು ಕಲಿಕೆಗೆ ಒಳ್ಳೆಯದೇ. ಇದಕ್ಕಿಂತ ಚಿಕ್ಕ ಕ್ಯಾನ್ವಾಸ್ ಬೇಡ.

ಅಂತರಜಾಲದಲ್ಲಿ ಸಿಗುವ ಪ್ರತಿಕೃತಿಗಳಲ್ಲಿ ಒಂದು ಹಳದಿಗೆ, ಇನ್ನೊಂದು ಹಸಿರಿಗೆ ವಾಲಿರುತ್ತವೆ. ಲೂವ್ರ್‌ನ ಸಂಗ್ರಹದ ಜಾಲತಾಣದಲ್ಲಿರುವ ಚಿತ್ರವನ್ನು ತೆಗೆದುಕೊಂಡು, ಎ3 ಗಾತ್ರದಲ್ಲಿ ಮುದ್ರಿಸಿಕೊಂಡು, ಕೊನೆಯವರೆಗೆ ಅದೊಂದನ್ನೇ ಅನುಸರಿಸುವುದು ಜಾಣತನ; ನಡುವೆ ಬೇರೆ ಪ್ರತಿಕೃತಿಗೆ ಹಾರಿದರೆ ಚರ್ಮದ ಬಣ್ಣ ಅರ್ಧ ಚಿತ್ರದಲ್ಲಿ ಒಂದು ತರಹ, ಉಳಿದರ್ಧದಲ್ಲಿ ಇನ್ನೊಂದು ತರಹವಾಗುತ್ತದೆ. ಆದರೆ ಮುದ್ರಿತ ಕಾಗದದಿಂದ ತೈಲವರ್ಣದ ಮೇಲ್ಮೈಯನ್ನು ತಿಳಿಯಲಾಗುವುದಿಲ್ಲ. ಪ್ಯಾರಿಸಿಗೆ ಹೋಗಲಾಗದವರು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ತೆರೆದಿರುವುದನ್ನು ವಿಚಾರಿಸಿಕೊಂಡು ಅಲ್ಲಿನ ರಾಜಾ ರವಿವರ್ಮನ ತೈಲಚಿತ್ರಗಳನ್ನು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವಂತೆ ನಿಂತು ನೋಡಬೇಕು. ಅವನ ಶೈಲಿ ಬೇರೆ. ಆದರೂ ನೆರಳಿನಲ್ಲಿ ಬಣ್ಣ ಎಷ್ಟು ತೆಳು, ಬೆಳಕಿನಲ್ಲಿ ಎಷ್ಟು ದಪ್ಪ ಎಂಬುದು ಮುದ್ರಣದಲ್ಲಿ ಎಂದೂ ಕಾಣದ ಪಾಠ.

ಬಣ್ಣಗಳು, ಮತ್ತು ನಕಲು ಮಾಡಬಾರದ ಒಂದು ಬಣ್ಣ

ಜೆರಿಕೋನ ಪ್ಯಾಲೆಟ್ಟಿನ ವಿವರ ಉಳಿದುಬಂದಿದೆ: ವರ್ಮಿಲಿಯನ್, ಬಿಳಿ, ನೇಪಲ್ಸ್ ಯೆಲ್ಲೋ, ಹಳದಿ ಮತ್ತು ಕೆಂಪು ಓಕರ್‌ಗಳು, ರಾ ಸಿಯೆನ್ನಾ, ಲೈಟ್ ರೆಡ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್ ಲೇಕ್, ಪ್ರಷ್ಯನ್ ಬ್ಲೂ, ಎರಡು ಬಗೆಯ ಕಪ್ಪು, ಕ್ಯಾಸೆಲ್ ಅರ್ತ್ ಮತ್ತು ಬಿಟುಮೆನ್. ಇಷ್ಟು ದೊಡ್ಡ ಚಿತ್ರಕ್ಕೆ ಇದರಲ್ಲಿ ನೀಲಿ ಒಂದೇ ಒಂದು, ಹಸಿರು ಒಂದೂ ಇಲ್ಲ ಎಂಬುದನ್ನು ಗಮನಿಸಿ. ಕಲಿಯುವವರಿಗೆ ಹತ್ತು ಟ್ಯೂಬ್ ಸಾಕು: ಟೈಟಾನಿಯಮ್ ವೈಟ್, ಯೆಲ್ಲೋ ಓಕರ್, ರಾ ಸಿಯೆನ್ನಾ, ಲೈಟ್ ರೆಡ್, ಬರ್ನ್ಟ್ ಸಿಯೆನ್ನಾ, ಬರ್ನ್ಟ್ ಅಂಬರ್, ವರ್ಮಿಲಿಯನ್ ಹ್ಯೂ, ಕ್ರಿಮ್ಸನ್, ಪ್ರಷ್ಯನ್ ಬ್ಲೂ, ಐವರಿ ಬ್ಲ್ಯಾಕ್. ಹಳೆಯ ವರ್ಮಿಲಿಯನ್ ಪಾದರಸದ ಸಂಯುಕ್ತ, ಹಳೆಯ ಬಿಳಿ ಮತ್ತು ನೇಪಲ್ಸ್ ಯೆಲ್ಲೋಗಳಲ್ಲಿ ಸೀಸವಿರುತ್ತಿತ್ತು. ಅವನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಬಿಳಿಗೆ ಓಕರ್ ಮತ್ತು ವರ್ಮಿಲಿಯನ್ನಿನ ಚೂರು ಬೆರೆಸಿದರೆ ನೇಪಲ್ಸ್ ಯೆಲ್ಲೋಗೆ ಸಾಕಷ್ಟು ಹತ್ತಿರ ಬರುತ್ತದೆ.

ಬಿಟುಮೆನ್ ವಿಷಯ ಬೇರೆಯದೇ. ಡಾಂಬರಿನ ಜಾತಿಗೆ ಸೇರಿದ ಈ ಕಂದುಗಪ್ಪು ಬಣ್ಣ ಹಚ್ಚಿದ ದಿನ ಮಖಮಲ್ಲಿನ ಆಳ ಕೊಡುತ್ತದೆ, ಆದರೆ ಎಂದಿಗೂ ಪೂರ್ತಿ ಒಣಗುವುದಿಲ್ಲ. ಕಾಲಕ್ರಮದಲ್ಲಿ ಕಪ್ಪಾಗಿ, ಮುದುರಿ, ಮೇಲಿನ ಪದರಗಳನ್ನೂ ಬಿರುಕು ಬಿಡಿಸುತ್ತದೆ. ಲೂವ್ರ್‌ನಲ್ಲಿರುವ ಮೂಲ ಇದರಿಂದ ಗಣನೀಯವಾಗಿ ಹಾಳಾಗಿದೆ. 1859–60ರಲ್ಲಿ ಗಿಯೆಮೆ ಮತ್ತು ರೊಂಜಾ ಎಂಬ ಇಬ್ಬರು ಚಿತ್ರಕಾರರು ಇದರ ಪೂರ್ಣ ಗಾತ್ರದ ನಕಲೊಂದನ್ನು ಮಾಡಿದರು, ಅದು ಇಂದು ಅಮಿಯೆನ್ ನಗರದ ಪಿಕಾರ್ದಿ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ನಕಲಿನಲ್ಲಿ ಬಿಟುಮೆನ್ನಿನ ಜಾಗಕ್ಕೆ ಬರ್ನ್ಟ್ ಸಿಯೆನ್ನಾ ಮತ್ತು ಪ್ರಷ್ಯನ್ ಬ್ಲೂಗಳ ತೆಳು ಮಿಶ್ರಣ ಬಳಸಬೇಕು. ಪ್ರಷ್ಯನ್ ಬ್ಲೂ ಬಹಳ ತೀಕ್ಷ್ಣ, ಸಾರಿಗೆ ಇಂಗು ಹಾಕುವಷ್ಟೇ ಹಾಕಬೇಕು. ಇನ್ನೊಂದು ಎಚ್ಚರ: ಇಂದು ಪ್ರತಿಕೃತಿಯಲ್ಲಿ ಕಾಣುವ ಕಗ್ಗತ್ತಲೆಯ ಒಂದು ಪಾಲು ಜೆರಿಕೋನದಲ್ಲ, ಕಾಲದ್ದು. ಆದ್ದರಿಂದ ನೆರಳುಗಳನ್ನು ನೀವು ನೋಡುವುದಕ್ಕಿಂತ ಒಂದು ಮೆಟ್ಟಿಲು ತಿಳಿಯಾಗಿಟ್ಟರೆ ಒಳಗಿನ ಆಕೃತಿಗಳು ಉಸಿರಾಡುತ್ತವೆ.

ರೇಖೆ ಮತ್ತು ಕೆಳಪದರ

ಅಂಗಡಿಯ ಕ್ಯಾನ್ವಾಸಿಗೆ ಇನ್ನೊಂದು ಪದರ ಜೆಸ್ಸೋ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿಯ ತಳಲೇಪ) ಹಚ್ಚಿ, ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿಕೊಳ್ಳಿ. ಮುದ್ರಿತ ಪ್ರತಿಯ ಮೇಲೂ ಕ್ಯಾನ್ವಾಸಿನ ಮೇಲೂ ಅಗಲಕ್ಕೆ ಹನ್ನೆರಡು, ಎತ್ತರಕ್ಕೆ ಎಂಟು ಭಾಗಗಳಾಗುವಂತೆ ಚೌಕಳಿ ಎಳೆಯಿರಿ. ಮನೆಗಳು ಪೂರ್ತಿ ಚೌಕವಾಗಿಲ್ಲದಿದ್ದರೂ ಎರಡೂ ಕಡೆ ಒಂದೇ ಪಾಲು ಇದ್ದರೆ ಸಾಕು. ಮೊದಲು ಕೂವೆಮರ, ಹಗ್ಗಗಳು, ದಿಗಂತ, ತೆಪ್ಪದ ಅಂಚುಗಳನ್ನು ಗುರುತಿಸಿ, ಅವುಗಳ ಮೇಲೆ ದೇಹಗಳನ್ನು ಕೂರಿಸಬೇಕು. ಗುಂಪಿನ ಚಿತ್ರದಲ್ಲಿ ಒಂದು ದೇಹಕ್ಕೂ ಇನ್ನೊಂದಕ್ಕೂ ನಡುವೆ ಉಳಿಯುವ ಖಾಲಿ ಜಾಗದ ಆಕಾರವನ್ನು ಬರೆಯುವುದು ದೇಹವನ್ನೇ ಬರೆಯುವುದಕ್ಕಿಂತ ಸುಲಭ ಮತ್ತು ನಂಬಿಕಸ್ತ, ಏಕೆಂದರೆ ತೋಳು ಹೇಗಿರಬೇಕೆಂಬ ಪೂರ್ವಗ್ರಹ ಕಣ್ಣಿಗಿದೆ, ಖಾಲಿ ಜಾಗದ ಬಗ್ಗೆ ಇಲ್ಲ. ರೇಖೆ ಮುಗಿದ ಮೇಲೆ ಕ್ಯಾನ್ವಾಸನ್ನು ಕನ್ನಡಿಯಲ್ಲಿ ನೋಡಿದರೆ ತಪ್ಪುಗಳು ತಾವಾಗಿ ತೋರುತ್ತವೆ. ಸರಿಪಡಿಸಿ, ಟರ್ಪೆಂಟೈನಿನಲ್ಲಿ ತೆಳುಮಾಡಿದ ಬರ್ನ್ಟ್ ಅಂಬರಿನಿಂದ ಗೆರೆಗಳನ್ನು ಗಟ್ಟಿಮಾಡಿ ಒಣಗಲು ಬಿಡಿ.

ಇಲ್ಲಿಂದ ಮುಂದೆ ನಾನು ಜೆರಿಕೋನ ಕ್ರಮವನ್ನು ಬಿಟ್ಟು ನಡೆಯಲು ಹೇಳುತ್ತೇನೆ. ಅವನ ಕೆಲಸವನ್ನು ಹತ್ತಿರದಿಂದ ನೋಡಿದ ಶಿಷ್ಯ ಮೋಂಫೋರ್ ಹೇಳಿದ ಪ್ರಕಾರ, ಅವನು ಬಿಳಿ ಕ್ಯಾನ್ವಾಸಿನ ಮೇಲೆ ಬರೀ ಹೊರರೇಖೆ ಇಟ್ಟುಕೊಂಡು, ಬೇಗ ಒಣಗುವ ಅಂಟಾದ ಎಣ್ಣೆಯಲ್ಲಿ, ಚಿಕ್ಕ ಕುಂಚಗಳಿಂದ, ಒಂದೊಂದೇ ಆಕೃತಿಯನ್ನು ಪೂರ್ತಿ ಮುಗಿಸುತ್ತ ಹೋಗುತ್ತಿದ್ದ. ಅದಕ್ಕೂ ಮೊದಲು ಅವನು ತಲೆ, ಕೈಕಾಲು, ಹೆಣಗಳ ಲೆಕ್ಕವಿಲ್ಲದಷ್ಟು ಅಧ್ಯಯನಗಳನ್ನು ಮಾಡಿ, ಹತ್ತಿರದ ಬೋಜೋಂ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿ, ಬದುಕುಳಿದ ಬಡಗಿಯಿಂದ ತೆಪ್ಪದ ಚಿಕ್ಕ ಮಾದರಿಯನ್ನು ಕಟ್ಟಿಸಿ, ಇಡೀ ಚಿತ್ರವನ್ನು ಮನಸ್ಸಿನಲ್ಲಿ ಹೊತ್ತಿದ್ದ. ಅಷ್ಟು ಸಿದ್ಧತೆಯಿಲ್ಲದವರು ಬಿಳಿಯ ಮೇಲೆ ಒಂದೊಂದೇ ಆಕೃತಿ ಮುಗಿಸಿದರೆ, ಸುತ್ತಲಿನ ಬಿಳುಪಿನಿಂದ ಕಣ್ಣು ಮೋಸಹೋಗಿ ಪ್ರತಿ ದೇಹವೂ ಅಗತ್ಯಕ್ಕಿಂತ ಬೆಳ್ಳಗೆ ಬರುತ್ತದೆ.

ಆದ್ದರಿಂದ ಬರ್ನ್ಟ್ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಹಚ್ಚಿ, ಅದು ಹಸಿಯಾಗಿರುವಾಗಲೇ ಹತ್ತಿಬಟ್ಟೆಯಿಂದ ಬೆಳಕಿನ ಜಾಗಗಳನ್ನು ಒರೆಸಿ ತೆಗೆಯಿರಿ, ನೆರಳಿನ ಜಾಗಗಳಿಗೆ ಇನ್ನಷ್ಟು ಬಣ್ಣ ಸೇರಿಸಿ. ನಿಮ್ಮ ಅಂಗೈ ಕರಡು ಈಗ ಪಕ್ಕದಲ್ಲಿರಬೇಕು. ಆ ಮೂರು ಛಾಯೆಗಳು ಕ್ಯಾನ್ವಾಸಿನ ಮೇಲೆ ಮೂಡುವವರೆಗೆ ಕುಂಚಕ್ಕಿಂತ ಬಟ್ಟೆಗೇ ಹೆಚ್ಚು ಕೆಲಸ. ಅಂಬರ್ ಬೇಗ ಒಣಗುವ ಬಣ್ಣ, ಎರಡು ಮೂರು ದಿನ ಬಿಟ್ಟರೆ ಸಾಮಾನ್ಯವಾಗಿ ಮುಂದಿನ ಪದರಕ್ಕೆ ಸಿದ್ಧವಾಗುತ್ತದೆ.

ಬಣ್ಣದ ಪದರಗಳು

ತೈಲವರ್ಣದ ಮೂಲನಿಯಮ ಒಂದೇ: ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಅಗಸೆ ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿರುವ ಪದರದ ಮೇಲೆ ಬೇಗ ಒಣಗುವ ತೆಳುಪದರ ಕೂತರೆ ಕೆಳಗಿನದು ಅಲುಗುತ್ತಿರುವಾಗ ಮೇಲಿನದು ಬಿರಿಯುತ್ತದೆ. ಎರಡನೆಯ ಪದರಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಅಗಸೆ ಎಣ್ಣೆ, ಕೊನೆಯ ಪದರಗಳಿಗೆ ಸಮಪಾಲು ಎಂದಿಟ್ಟುಕೊಂಡರೆ ತೊಂದರೆಯಿಲ್ಲ.

ಆಕಾಶ ಮತ್ತು ಸಮುದ್ರವನ್ನು ಮೊದಲು ಮುಗಿಸಿ. ದಿಗಂತದ ಬಳಿಯ ಹಳದಿ ಬೆಳಕು ಓಕರ್ ಮತ್ತು ಬಿಳಿಯದು, ಮೇಲಿನ ಮೋಡಗಳು ಐವರಿ ಬ್ಲ್ಯಾಕ್, ಬಿಳಿ ಮತ್ತು ಲೈಟ್ ರೆಡ್ ಬೆರೆತ ಬೂದು, ಎಡಕ್ಕೆ ಏಳುವ ಅಲೆಯಲ್ಲಿ ಮಾತ್ರ ಪ್ರಷ್ಯನ್ ಬ್ಲೂ ಮತ್ತು ರಾ ಸಿಯೆನ್ನಾಗಳ ಕಡುಹಸಿರು. ಆರ್ಗಸ್ ಹಡಗು ಬಲಭಾಗದ ದಿಗಂತದಲ್ಲಿ ಕುಂಚದ ತುದಿ ಮುಟ್ಟಿಸಿದಷ್ಟೇ ಇರಬೇಕು. ಅದನ್ನು ಸ್ಪಷ್ಟವಾಗಿ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ, ಬರೆದರೆ ಚಿತ್ರದ ಆತಂಕವೇ ಹೋಯಿತು.

ಆಕೃತಿಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿಕೊಳ್ಳಿ: ಕೂವೆಮರದ ಬಳಿ ನೆರಳಿನಲ್ಲಿ ನಿಂತವರು, ಬಟ್ಟೆ ಬೀಸುವ ಮೇಲಿನವರು, ನಡುವೆ ಮೈಯೆತ್ತಿ ಕೈಚಾಚಿದವರು, ಮುಂಭಾಗದ ಸತ್ತವರು ಮತ್ತು ಮುದುಕ. ಹಿಂದಿನಿಂದ ಮುಂದಕ್ಕೆ ಬರುವುದು ಅನುಕೂಲ, ಏಕೆಂದರೆ ಮುಂದಿನ ದೇಹದ ಅಂಚು ಹಿಂದಿನದರ ಮೇಲೆ ಸಹಜವಾಗಿ ಕೂರುತ್ತದೆ. ಒಂದು ದಿನಕ್ಕೆ ಒಂದು ಗುಂಪಿನ ಒಂದು ಭಾಗ ಎಂದಿಟ್ಟುಕೊಂಡು, ಅಷ್ಟನ್ನು ಹಸಿಯಲ್ಲೇ ಹಸಿ ಬೆರೆಸಿ ಮುಗಿಸಿದರೆ ಜೆರಿಕೋನ ದಿನದ ಲಯವೂ ಸ್ವಲ್ಪಮಟ್ಟಿಗೆ ಅನುಭವಕ್ಕೆ ಬರುತ್ತದೆ. ಬಟ್ಟೆ ಬೀಸುವ ಆಕೃತಿಗೆ ರೂಪದರ್ಶಿಯಾಗಿದ್ದವನು ಹೈಟಿ ಮೂಲದ ಜೋಸೆಫ್. ಆ ಬೆನ್ನಿನ ಕಪ್ಪಿಗೆ ಟ್ಯೂಬಿನ ಕಪ್ಪನ್ನು ನೇರವಾಗಿ ಹಚ್ಚಿದರೆ ತೂತಿನಂತೆ ಕಾಣುತ್ತದೆ, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್ ಮತ್ತು ಚೂರು ನೀಲಿಯಿಂದ ಕಟ್ಟಿ, ಹೆಗಲಿನ ಮೇಲೆ ಆಕಾಶದ ಬೂದುಬಣ್ಣವನ್ನೇ ತುಸು ಎಳೆದರೆ ಚರ್ಮ ಚರ್ಮವಾಗುತ್ತದೆ.

ಬದುಕಿರುವವರ ಮೈಗೆ ಓಕರ್, ಲೈಟ್ ರೆಡ್ ಮತ್ತು ಬಿಳಿ. ನೆರಳಿಗೆ ಬರ್ನ್ಟ್ ಸಿಯೆನ್ನಾ. ಸತ್ತವರ ಮೈಗೆ ಲೈಟ್ ರೆಡ್ಡನ್ನು ಬಹುತೇಕ ಬಿಟ್ಟು, ಓಕರಿಗೆ ಐವರಿ ಬ್ಲ್ಯಾಕ್ ಸೇರಿಸಿದಾಗ ಹುಟ್ಟುವ ಮಬ್ಬುಹಸಿರನ್ನು ನಡುಛಾಯೆಗಳಲ್ಲಿ ಬಳಸಬೇಕು. ಹಸಿರು ಟ್ಯೂಬ್ ಇಲ್ಲದ ಪ್ಯಾಲೆಟ್ಟಿನಿಂದ ಹೆಣದ ಬಣ್ಣ ಬಂದದ್ದು ಹೀಗೆಯೇ ಇರಬೇಕು ಎಂಬುದು ಬೆರೆಸಿ ನೋಡಿದ ತಕ್ಷಣ ಹೊಳೆಯುತ್ತದೆ. ಮುಂಭಾಗದಲ್ಲಿ ಮುಖ ಕೆಳಗೆ ಮಾಡಿ ತೋಳು ಚಾಚಿ ಬಿದ್ದಿರುವ ಯುವಕನಿಗೆ ರೂಪದರ್ಶಿಯಾದವನು ಆಗ ಇಪ್ಪತ್ತರ ಆಸುಪಾಸಿನ ದೆಲಾಕ್ರ್ವಾ, ಮುಂದೆ ಇದೇ ಪಂಥದ ನಾಯಕನಾದವನು. ಆ ಒಂದು ಆಕೃತಿಯನ್ನೂ ಮುದುಕ ಮಗನ ಗುಂಪನ್ನೂ ಬೇರೆ ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಒಮ್ಮೆ ಬರೆದು ನೋಡಿ, ಆಮೇಲೆ ಮುಖ್ಯ ಚಿತ್ರಕ್ಕೆ ಬಂದರೆ ಕೈ ನಡುಗುವುದಿಲ್ಲ. ಮುದುಕನ ಕೆಂಪು ಬಟ್ಟೆಯನ್ನು ಕೊನೆಗೆ ಉಳಿಸಿಕೊಳ್ಳಿ. ಇಡೀ ಕಂದು ಚಿತ್ರದಲ್ಲಿ ಅಂಥ ಕೆಂಪು ಕೆಲವೇ ಕಡೆ ಇರುವುದರಿಂದ ಅದರ ತೀವ್ರತೆಯನ್ನು ಸುತ್ತಲಿನದೆಲ್ಲ ಮುಗಿದ ಮೇಲೆಯೇ ನಿರ್ಧರಿಸಲು ಸಾಧ್ಯ.

ಎಲ್ಲ ಆಕೃತಿಗಳೂ ಒಂದು ಹಂತಕ್ಕೆ ಬಂದ ನಂತರ ಅಂಚುಗಳ ಕೆಲಸ ಬರುತ್ತದೆ. ಕಲಿಯುವವರು ಪ್ರತಿ ದೇಹವನ್ನೂ ಸಮಾನ ಸ್ಪಷ್ಟತೆಯಲ್ಲಿ ಮುಗಿಸುತ್ತಾರೆ, ಶ್ರಮ ಹಾಕಿದ್ದು ಕಾಣಬೇಕಲ್ಲ ಎಂಬ ಭಾವನೆ ಅದಕ್ಕೆ ಕಾರಣವಿರಬಹುದು. ಕೂವೆಮರದ ಬಳಿಯ ಗುಂಪಿನಲ್ಲಿ ಅರ್ಧದಷ್ಟು ಅಂಚುಗಳನ್ನು ಒಣಕುಂಚದಿಂದ ಉಜ್ಜಿ ನೆರಳಿಗೆ ಸೇರಿಸಿಬಿಡಿ. ಒಪ್ಪವಾಗಿ ಬರೆದ ಮುಖವೊಂದನ್ನು ಅಳಿಸುವುದು ಕಷ್ಟವೇ, ಆದರೆ ಅಳಿಸಿದ ಮೇಲೆ ಅದರ ಪಕ್ಕದ ಚಾಚಿದ ಕೈಗೆ ಬರುವ ಬಲವನ್ನು ನೋಡಿದವರು ಮತ್ತೆ ಅದನ್ನು ಬರೆಯಲು ಹೋಗುವುದಿಲ್ಲ.

ಸಮಯ, ಹವೆ, ಸುರಕ್ಷತೆ

ಜೆರಿಕೋ ದೊಡ್ಡ ಕ್ಯಾನ್ವಾಸಿನ ಮೇಲೆ 1818ರ ನವೆಂಬರಿನಿಂದ 1819ರ ಜುಲೈವರೆಗೆ, ತಲೆ ಬೋಳಿಸಿಕೊಂಡು, ಹೊರಗೆ ಹೋಗುವುದನ್ನೇ ಬಿಟ್ಟು ದುಡಿದ. ವಾರಕ್ಕೆ ಎರಡು ಮೂರು ದಿನ ಕೂರುವವರು ನಮ್ಮ ಅಳತೆಯ ನಕಲಿಗೆ ಮೂರು ತಿಂಗಳನ್ನಾದರೂ ಇಟ್ಟುಕೊಳ್ಳಬೇಕು. ಬಿಳಿ ಬೆರೆತ ಪದರಗಳು ಒಣಗಲು ವಾರ ಹಿಡಿಯುತ್ತದೆ, ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಲ್ಲಿಯವರು ದೀಪಾವಳಿಯ ನಂತರ ಆರಂಭಿಸುವುದು ಒಳ್ಳೆಯದು. ತೇವಕ್ಕೆ ಹತ್ತಿಯ ಕ್ಯಾನ್ವಾಸ್ ಸಡಿಲವಾದರೆ ಹಿಂದಿನ ಮರದ ಚಕ್ಕೆಗಳನ್ನು ಹಗುರವಾಗಿ ಒಳಕ್ಕೆ ತಟ್ಟಿ ಬಿಗಿಮಾಡಬಹುದು.

ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಹೊರಗೆ ಹೋಗಲಾಗದೆ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದುಂಟು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಟರ್ಪೆಂಟೈನಿನ ವಾಸನೆ ಸಣ್ಣ ಕೋಣೆಯಲ್ಲಿ ತಲೆನೋವು ತರುವುದರಿಂದ ಕಿಟಕಿ ತೆರೆದಿರಲಿ, ಮಕ್ಕಳಿರುವ ಮನೆಯಲ್ಲಿ ಅದನ್ನು ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬಾರದು.

ಮುಗಿದ ಚಿತ್ರಕ್ಕೆ ಕನಿಷ್ಠ ಆರು ತಿಂಗಳು ಕಳೆಯುವವರೆಗೆ ವಾರ್ನಿಷ್ ಬೇಡ, ದಪ್ಪ ಬಣ್ಣವಿದ್ದರೆ ಒಂದು ವರ್ಷವೇ ಆಗಲಿ. ಲೂವ್ರ್‌ನಲ್ಲಿ ನಕಲು ಮಾಡುವವರು ಮೂಲದ ಗಾತ್ರವನ್ನೇ ಬಳಸುವಂತಿಲ್ಲ, ಮೂಲ ಕಲಾವಿದನ ಸಹಿಯನ್ನೂ ಬರೆಯುವಂತಿಲ್ಲ. ಮನೆಯಲ್ಲಿ ಮಾಡುವವರಿಗೂ ಈ ಎರಡನೆಯ ನಿಯಮ ಅನ್ವಯಿಸುತ್ತದೆ ಎಂದೇ ತಿಳಿಯಬೇಕು. ಕ್ಯಾನ್ವಾಸಿನ ಹಿಂಬದಿಯಲ್ಲಿ ‘ಜೆರಿಕೋ ಕೃತಿಯ ನಕಲು’ ಎಂದು ಬರೆದು, ಅದರ ಕೆಳಗೆ ನಿಮ್ಮ ಹೆಸರು, ವರ್ಷ, ಬಳಸಿದ ಬಣ್ಣ ಮತ್ತು ಎಣ್ಣೆಗಳ ವಿವರವನ್ನು ನಮೂದಿಸಿ.